ಗಾಲಿಕುರ್ಚಿಯಲ್ಲಿ ಕೂತು ಅರಮನೆ ನೋಡುವುದು ಹೇಗೆ?

ಹೋದ ಬೇಸಿಗೆ ರಜೆಯಲ್ಲಿ ಮೈಸೂರು ಅರಮನೆಯ ಮೆಟ್ಟಿಲ ಹತ್ತಿರ ನಿಂತಿದ್ದೆ. ನಾಲ್ಕು ಜನ ಗಂಡಸರು ಸೇರಿ ಒಬ್ಬರು ಅಜ್ಜಿಯನ್ನು ಗಾಲಿಕುರ್ಚಿ ಸಮೇತ ಎತ್ತಿದರು. ಇಬ್ಬರು ಆರ್ಮ್‌ರೆಸ್ಟ್ ಹಿಡಿದಿದ್ದರು. ಎರಡನೇ ಮೆಟ್ಟಿಲು ದಾಟುವಷ್ಟರಲ್ಲಿ ಒಂದು ಆರ್ಮ್‌ರೆಸ್ಟ್ ಕಿತ್ತು ಅವರ ಕೈಗೇ ಬಂತು. ಕುರ್ಚಿ ಪಕ್ಕಕ್ಕೆ ವಾಲಿತು. ಪುಣ್ಯಕ್ಕೆ ಅಜ್ಜಿ ಬೀಳಲಿಲ್ಲ. ಆದರೆ ಆಮೇಲೆ ಅವರು ಒಳಗೆ ಹೋಗಲು ಒಪ್ಪಲೇ ಇಲ್ಲ. "ನೀವು ನೋಡ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದುಬಿಟ್ಟರು.

ಎತ್ತಿದವರೆಲ್ಲ ಪ್ರೀತಿಯಿಂದಲೇ ಎತ್ತಿದ್ದು. ಎತ್ತುವ ಕ್ರಮ ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ. ನಮ್ಮ ಅಮ್ಮನಿಗೆ ಮಂಡಿ ನೋವು ಜಾಸ್ತಿಯಾಗಿ ಆರು ವರ್ಷವಾಯಿತು. ಊರಿಂದ ನೆಂಟರು ಬಂದಾಗಲೆಲ್ಲ ಅವಳನ್ನೂ ಕೂರಿಸಿಕೊಂಡು ಅರಮನೆಗೆ ಹೋಗುತ್ತೇನೆ. ಹಾಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಿನ ಮತ್ತು ಹೊತ್ತು

ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಹತ್ತು ಗಂಟೆಗೆ, ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ. ಭಾನುವಾರ ಬೇಡ. ದಸರಾ ಸಮಯದಲ್ಲಂತೂ ಬೇಡವೇ ಬೇಡ. ಆ ಜನಜಂಗುಳಿಯಲ್ಲಿ ಕುರ್ಚಿಯಲ್ಲಿ ಕೂತವರಿಗೆ ಕಾಣುವುದು ಮುಂದೆ ನಿಂತವರ ಬೆನ್ನು ಮಾತ್ರ.

ದೀಪಾಲಂಕಾರ ನೋಡಲೇಬೇಕು ಅಂದರೆ ಭಾನುವಾರವೋ ಸರ್ಕಾರಿ ರಜೆಯ ದಿನವೋ ಸಂಜೆ ಹೋಗಬೇಕಾಗುತ್ತದೆ, ಸರಿ. ಆಗ ಬೆಳಗಿನ ಸುತ್ತಾಟ ಬಿಟ್ಟುಬಿಡಿ. ದೀಪ ಹತ್ತುವುದು ಏಳು ಗಂಟೆಗೆ. ಆರೂವರೆಗೇ ಒಳಗೆ ಸೇರಿ, ಮುಂದೆ ಯಾರೂ ಬಂದು ನಿಲ್ಲದ ಕಡೆ ಕುರ್ಚಿ ನಿಲ್ಲಿಸಿ ಬ್ರೇಕ್ ಹಾಕಿ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತುವ ಆ ಒಂದು ಕ್ಷಣ ತಪ್ಪಿಹೋಗಬಾರದು. ಮುಗಿದ ಕೂಡಲೇ ಹೊರಡಬೇಡಿ. ಜನ ಖಾಲಿಯಾಗಲಿ.

ಎಂಥ ಕುರ್ಚಿ

ಹಿಂದಿನ ಚಕ್ರ ದೊಡ್ಡದಿರುವ ಕುರ್ಚಿಯೇ ಬೇಕು, 24 ಇಂಚಿನದು. ಕಾರಿನ ಡಿಕ್ಕಿಯಲ್ಲಿ ಸಲೀಸಾಗಿ ಹಿಡಿಸುತ್ತೆ ಅಂತ ನಾಲ್ಕೂ ಚಕ್ರ ಸಣ್ಣದಿರುವ ಕುರ್ಚಿ ತರುತ್ತಾರೆ. ಆಸ್ಪತ್ರೆಯ ನುಣುಪಾದ ನೆಲಕ್ಕೆ ಅದು ಚೆನ್ನ. ಜಲ್ಲಿ, ಕಲ್ಲುಹಾಸು, ಮೆಟ್ಟಿಲು ಬಂದರೆ ಅಲ್ಲೇ ನಿಂತುಬಿಡುತ್ತದೆ.

ಬಾಡಿಗೆಗೆ ತರುವುದಾದರೆ ಅಂಗಡಿಯಲ್ಲೇ ಬ್ರೇಕ್ ಹಾಕಿ, ಜೋರಾಗಿ ತಳ್ಳಿ ನೋಡಿ. ಒಮ್ಮೆ ನಾನು ನೋಡದೆ ತಂದೆ. ಎಡಗಡೆ ಬ್ರೇಕ್ ಟೈರಿಗೆ ತಾಗುತ್ತಲೇ ಇರಲಿಲ್ಲ. ಅಮ್ಮ ಏಳಲು ಹೋದಾಗ ಕುರ್ಚಿ ಗಿರ್ರನೆ ತಿರುಗಿತು. ಟೈರಿನಲ್ಲಿ ಗಾಳಿ ಕಮ್ಮಿಯಿದ್ದರೂ ಹೀಗೇ ಆಗುತ್ತದೆ. ರೆಕ್ಸಿನ್ ಹೊದಿಕೆಯ ದಿಂಬು ಬೇಡ, ಕೂತವರು ಮುಂದಕ್ಕೆ ಜಾರುತ್ತಾರೆ. ಹತ್ತಿ ಬಟ್ಟೆಯ ಹೊದಿಕೆ ಇರಲಿ. ಸೊಂಟದ ಬೆಲ್ಟ್ ಇಲ್ಲದ ಕುರ್ಚಿಯನ್ನು ಮೆಟ್ಟಿಲ ಹತ್ತಿರ ತರಲೇಬೇಡಿ.

ಇನ್ನೊಂದು ವಿಷಯ, ಸೀರೆ. ಸೆರಗು ಚಕ್ರದ ಕಡ್ಡಿಗೆ ಸಿಕ್ಕಿಕೊಂಡರೆ ಒಂದೇ ಸುತ್ತಿಗೆ ಭುಜದಿಂದ ಎಳೆದುಕೊಂಡು ಬಿಡುತ್ತದೆ. ಕೂರಿಸಿದ ತಕ್ಷಣ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. ನೆರಿಗೆ ಎತ್ತಿ ಮಡಿಲಿಗೆ ಹಾಕಿ, ಮುಂದಿನ ಸಣ್ಣ ಚಕ್ರಕ್ಕೆ ತಾಗದಂತೆ ನೋಡಿಕೊಳ್ಳಿ.

ಗೇಟು ಮತ್ತು ಚಪ್ಪಲಿ

ದಕ್ಷಿಣದ ವರಾಹ ಗೇಟಿನ ಹತ್ತಿರ ಮೊದಲು ಹಿರಿಯರನ್ನು ಇಳಿಸಿ, ಆಮೇಲೆ ಕಾರು ನಿಲ್ಲಿಸಲು ಹೋಗಿ. ಗೇಟಿನ ಸಿಬ್ಬಂದಿಯನ್ನು ಕೇಳಿ: ಮೆಟ್ಟಿಲಿಲ್ಲದ ದಾರಿ ಯಾವುದು, ಕುರ್ಚಿ ಒಯ್ಯುವ ಟಾಯ್ಲೆಟ್ ಎಲ್ಲಿದೆ, ಮಹಡಿಗೆ ಹೇಗೆ ಹೋಗುವುದು. ಕೇಳಲು ಸಂಕೋಚ ಬೇಡ. ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಓಡಾಡುವಂತೆ ಇರಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಟಾಯ್ಲೆಟ್ಟಿಗೆ ಹೋಗಬೇಕಾಗುತ್ತೆ ಅಂತ ವಯಸ್ಸಾದವರು ಬೆಳಿಗ್ಗೆಯಿಂದ ನೀರೇ ಕುಡಿಯದೆ ಬರುತ್ತಾರೆ. ಬಿಸಿಲಲ್ಲಿ ತಲೆ ಸುತ್ತುವುದು ಅದಕ್ಕೇ. ಟಾಯ್ಲೆಟ್ ಎಲ್ಲಿದೆ ಅಂತ ಗೊತ್ತಾದರೆ ಅವರು ಧೈರ್ಯವಾಗಿ ನೀರು ಕುಡಿಯುತ್ತಾರೆ.

ಅರಮನೆಯೊಳಗೆ ಚಪ್ಪಲಿ ಹಾಕುವಂತಿಲ್ಲ. ಏಪ್ರಿಲ್ ಬಿಸಿಲಿಗೆ ಹೊರಗಿನ ನೆಲ ಕಾದಿರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಪಾದ ಸುಟ್ಟರೂ ಕೆಲವೊಮ್ಮೆ ಗೊತ್ತಾಗುವುದಿಲ್ಲ. ಹಾಗಾಗಿ ಸಾಕ್ಸ್ ತನ್ನಿ. ಸುಮ್ನೆ ಯಾವುದೋ ಒಂದಲ್ಲ, ಅಡಿಭಾಗದಲ್ಲಿ ರಬ್ಬರ್ ಚುಕ್ಕಿ ಇರುವುದು. ಬರೀ ನೈಲಾನ್ ಸಾಕ್ಸ್ ಹಾಕಿಕೊಂಡು ನುಣುಪಾದ ನೆಲದ ಮೇಲೆ ಎದ್ದು ನಿಂತರೆ ಜಾರುವುದು ಖಂಡಿತ.

ಮೆಟ್ಟಿಲು: ಇಲ್ಲಿ ನಿಧಾನ

1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ ಈ ಅರಮನೆ 1912ರಲ್ಲಿ ಮುಗಿಯಿತು. ಆನೆಗೆ ಅಂತಲೇ ಬಾಗಿಲು ಇಟ್ಟ ಕಟ್ಟಡ ಇದು. ಗಾಲಿಕುರ್ಚಿಯನ್ನು ಆಗ ಯಾರು ಯೋಚಿಸಿದ್ದರು? ಮೆಟ್ಟಿಲು, ಹೊಸ್ತಿಲು ಸಿಕ್ಕೇ ಸಿಗುತ್ತವೆ.

ರ‍್ಯಾಂಪ್ ಇದ್ದರೆ ಮೊದಲು ಅದನ್ನೇ ಹಿಡಿಯಿರಿ. ಒಳ್ಳೆಯ ರ‍್ಯಾಂಪಿನ ಲೆಕ್ಕ ಸುಲಭ. ಒಂದು ಇಂಚು ಎತ್ತರಕ್ಕೆ 12 ಇಂಚು ಉದ್ದ. ಅಂದರೆ ಆರು ಇಂಚಿನ ಒಂದು ಮೆಟ್ಟಿಲಿಗೆ ಆರು ಅಡಿ ರ‍್ಯಾಂಪ್ ಬೇಕು. ಆನ್‌ಲೈನ್‌ನಲ್ಲಿ ಎರಡು ಅಡಿಯ ಮಡಚುವ ರ‍್ಯಾಂಪ್ ಮಾರುತ್ತಾರೆ. ಹೊಸ್ತಿಲಿಗೆ ಸಾಕು, ಮೆಟ್ಟಿಲಿಗೆ ಅದು ಅಪಾಯ. ಹಣ ಹಾಕಬೇಡಿ.

ರ‍್ಯಾಂಪ್ ಹತ್ತುವಾಗ ಮುಂದಕ್ಕೆ ತಳ್ಳಿ. ಇಳಿಯುವಾಗ ಕುರ್ಚಿಯನ್ನು ತಿರುಗಿಸಿಕೊಳ್ಳಿ. ನೀವು ಕೆಳಗಡೆ, ಕುರ್ಚಿಯ ಬೆನ್ನು ನಿಮ್ಮ ಕಡೆ. ಹಿಂದೆ ನೋಡಿಕೊಂಡು ಹೆಜ್ಜೆ ಹೆಜ್ಜೆ ಇಳಿಯಿರಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಮುಂದಕ್ಕೇ ಇಳಿಸುತ್ತಾರೆ, ಕೂತವರು ಮುಗ್ಗರಿಸುತ್ತಾರೆ, ಹಿಡಿಕೆ ಕೈಜಾರುತ್ತದೆ.

ಬರೀ ಮೆಟ್ಟಿಲೇ ಇದ್ದರೆ ಇಬ್ಬರು ಬೇಕು. ಒಬ್ಬರೇ ಮಾಡಲು ಹೋಗಬೇಡಿ. ನಾಲ್ಕು ಜನವೂ ಬೇಡ. ನಾಲ್ವರಿದ್ದರೆ ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತಾರೆ.

ಮೊದಲು ಕೂತವರನ್ನು ಕೇಳಿ. "ಅಮ್ಮ, ಈಗ ಹಿಂದಕ್ಕೆ ವಾಲಿಸ್ತೀನಿ, ಆಯ್ತಾ?" ಆಯ್ತು ಅನ್ನಲಿ. ಹೇಳದೆ ವಾಲಿಸಿದರೆ ಬೀಳುತ್ತೇನೆ ಅನ್ನಿಸಿ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಕೈಗೆ ಸಿಗುವುದೇ ಚಕ್ರ. ಅಮ್ಮನ ಕಿರುಬೆರಳು ಹಾಗೇ ಕಡ್ಡಿಯ ಮಧ್ಯೆ ಸಿಕ್ಕಿ ಉಗುರು ಕಪ್ಪಾಗಿತ್ತು. ಬೆಲ್ಟ್ ಹಾಕಿ. ಎರಡೂ ಕೈ ಮಡಿಲ ಮೇಲಿರಲಿ.

ಹತ್ತುವಾಗ ಕುರ್ಚಿಯ ಬೆನ್ನು ಮೆಟ್ಟಿಲ ಕಡೆಗಿರಬೇಕು. ಕೂತವರ ಮುಖ ಹೊರಗಡೆಗೆ. ದೊಡ್ಡ ಚಕ್ರ ಮೊದಲ ಮೆಟ್ಟಿಲಿಗೆ ತಾಗುವಂತೆ ತನ್ನಿ. ಇಬ್ಬರಲ್ಲಿ ಗಟ್ಟಿಯಾಗಿರುವವರು ಮೇಲೆ ನಿಂತು ಹಿಡಿಕೆ ಹಿಡಿಯಲಿ. ಹಿಡಿಕೆಯ ರಬ್ಬರ್ ಜಾರುತ್ತದೆಯೇ ಅಂತ ಮುಂಚೆಯೇ ತಿರುಚಿ ನೋಡಿ. ಇನ್ನೊಬ್ಬರು ಕೆಳಗೆ, ಎದುರಿಗೆ ನಿಂತು ಮುಂದಿನ ಕಂಬಿ ಹಿಡಿಯಲಿ. ಕಂಬಿ ಅಂದರೆ ಬೆಸುಗೆ ಹಾಕಿದ, ಅಲುಗಾಡದ ಕಬ್ಬಿಣ. ಆರ್ಮ್‌ರೆಸ್ಟ್, ಫುಟ್‌ರೆಸ್ಟ್ ಎರಡೂ ಬಿಚ್ಚುವಂಥವು, ಅವನ್ನು ಹಿಡಿಯಬಾರದು. ಚಕ್ರವನ್ನೂ ಹಿಡಿಯಬಾರದು.

ಈಗ ಬ್ರೇಕ್ ತೆಗೆಯಿರಿ. ಹೌದು, ತೆಗೆಯಬೇಕು. ಚಕ್ರ ಉರುಳಿದರೇ ಕೆಲಸ ಹಗುರ. ಹಿಂದೆ ಕೆಳಗಡೆ ಚಾಚಿಕೊಂಡ ಪೈಪನ್ನು ಕಾಲಿಂದ ಒತ್ತಿ, ಹಿಡಿಕೆ ಎಳೆದು, ಕುರ್ಚಿಯನ್ನು ಹಿಂದಕ್ಕೆ ವಾಲಿಸಿ. ಒಂದು ಹಂತಕ್ಕೆ ಬಂದಾಗ ಕುರ್ಚಿ ಹೂವಿನಷ್ಟು ಹಗುರ ಅನ್ನಿಸುತ್ತದೆ. ಎಲ್ಲ ತೂಕ ದೊಡ್ಡ ಚಕ್ರದ ಮೇಲೆ ಕೂತಿರುತ್ತದೆ. ಆ ಜಾಗ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಮನೆಯ ಹಜಾರದಲ್ಲಿ ಮೊದಲು ನೀವೇ ಒಬ್ಬರನ್ನೊಬ್ಬರು ಕೂರಿಸಿಕೊಂಡು ಆ ಜಾಗ ಹುಡುಕಿ. ಆಮೇಲೆ "ಒಂದು, ಎರಡು, ಮೂರು" ಎಣಿಸಿ ಒಂದು ಮೆಟ್ಟಿಲು ಮಾತ್ರ ಉರುಳಿಸಿ. ಮೇಲಿನವರು ಎಳೆಯಬೇಕು, ಕೆಳಗಿನವರು ನೂಕಬೇಕು, ಯಾರೂ ಎತ್ತಬಾರದು. ನಿಲ್ಲಿ. ಉಸಿರು ಬಿಡಿ. ಮತ್ತೆ ಎಣಿಸಿ. ಬಗ್ಗಬೇಕಾದದ್ದು ಮಂಡಿ, ಸೊಂಟವಲ್ಲ.

ಇಳಿಯುವಾಗ ಕೂತವರ ಮುಖ ಮುಂದಕ್ಕೆ, ಕುರ್ಚಿ ಅದೇ ರೀತಿ ಹಿಂದಕ್ಕೆ ವಾಲಿರಬೇಕು. ಮೆಟ್ಟಿಲು ಇಳಿಯುವುದಕ್ಕೂ ರ‍್ಯಾಂಪ್ ಇಳಿಯುವುದಕ್ಕೂ ಇರುವ ಈ ವ್ಯತ್ಯಾಸ ಮರೆಯಬೇಡಿ. ನಾಲ್ಕೈದು ಮೆಟ್ಟಿಲಿಗಿಂತ ಜಾಸ್ತಿ ಇದ್ದರೆ ಈ ಸಾಹಸ ಬೇಡ. ಮಹಡಿಯ ದರ್ಬಾರ್ ಹಾಲ್ ನೋಡಲೇಬೇಕು ಅನ್ನುವ ಹಟಕ್ಕೆ ಯಾರ ಬೆನ್ನೂ ಮುರಿಯುವುದು ಬೇಡ.

ಒಳಗೆ

ಕೆಳಗೇ ನೋಡಲು ಬೇಕಾದಷ್ಟಿದೆ. ಗೊಂಬೆ ತೊಟ್ಟಿ, ಚಿನ್ನದ ಅಂಬಾರಿ, ಕಲ್ಯಾಣ ಮಂಟಪ. ಮಂಟಪದ ಮೇಲಿನ ನವಿಲು ಚಿತ್ರದ ಬಣ್ಣದ ಗಾಜು ನೋಡಲು ಎಲ್ಲರೂ ನಟ್ಟನಡುವೆ ಕುರ್ಚಿ ನಿಲ್ಲಿಸುತ್ತಾರೆ. ಕೂತವರ ಕತ್ತು ನೋಯುತ್ತದೆ. ಪಕ್ಕಕ್ಕೆ, ಗೋಡೆಯ ಹತ್ತಿರ ನಿಲ್ಲಿಸಿ, ಓರೆಯಾಗಿ ನೋಡಿದರೆ ಸಾಕು. ಸುತ್ತಲಿನ ಗೋಡೆಯ ದಸರಾ ಮೆರವಣಿಗೆಯ ಚಿತ್ರಗಳಿಗೆ ಹೆಚ್ಚು ಹೊತ್ತು ಕೊಡಿ. ಅಂಬಾರಿಯಲ್ಲಿ ಮಹಾರಾಜರು ಕೂತು ಬರುತ್ತಿದ್ದುದನ್ನು ಕಣ್ಣಾರೆ ಕಂಡವಳು ನಮ್ಮಮ್ಮ. ಒಂದೊಂದು ಚಿತ್ರದ ಮುಂದೆಯೂ ಅವಳಿಗೆ ಹೇಳಲು ಒಂದು ಕಥೆ ಇರುತ್ತದೆ. ನಾನು ತಳ್ಳುವುದು ನಿಲ್ಲಿಸಿ ಅವಳ ಪಕ್ಕ ಕೂತುಬಿಡುತ್ತೇನೆ. ಮಾತಾಡುವಾಗ ಅವರ ಮುಖದ ಎತ್ತರಕ್ಕೆ ಬನ್ನಿ, ಹಿಂದಿನಿಂದ ತಲೆಯ ಮೇಲೆ ಮಾತಾಡಬೇಡಿ.

ತೋಟಗಳು

ಜಲ್ಲಿಯ ಮೇಲೆ ಮುಂದಿನ ಸಣ್ಣ ಚಕ್ರ ಹೂತುಹೋಗುತ್ತದೆ. ತಳ್ಳಬೇಡಿ, ತಿರುಗಿಸಿ ಹಿಂದಕ್ಕೆ ಎಳೆಯಿರಿ. ಒದ್ದೆ ಹುಲ್ಲಿಗೂ ಇದೇ ಉಪಾಯ.

ಬೃಂದಾವನದ ವಿಷಯ ಬೇರೆ. ಮೈಸೂರಿನಿಂದ ಸುಮಾರು 20 ಕಿಮೀ ದೂರ, ಮಂಡ್ಯ ಜಿಲ್ಲೆಯ ಕೆಆರ್‌ಎಸ್‌ನಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲ್ ಮಾಡಿಸಿದ ತೋಟ. 1927ರಲ್ಲಿ ಶುರುವಾಗಿ 1932ಕ್ಕೆ ಮುಗಿಯಿತು. ಅಂತಸ್ತು ಅಂತಸ್ತಾಗಿ ಹರಡಿದೆ, ಅದೇ ಅದರ ಚಂದ, ಅದೇ ತೊಂದರೆ. ಸಂಗೀತ ಕಾರಂಜಿ ಕೊಳದ ಆಚೆಗಿದೆ. ಹೋಗುವಾಗ ಉತ್ಸಾಹದಲ್ಲಿ ತಳ್ಳಿಕೊಂಡು ಹೋಗಿಬಿಡುತ್ತೀರಿ. ಕತ್ತಲಲ್ಲಿ, ಜನರ ಮಧ್ಯೆ ವಾಪಸ್ ತಳ್ಳಬೇಕಾದದ್ದು ಆಮೇಲೆ ನೆನಪಾಗುತ್ತದೆ. ಇಬ್ಬರು ಸರದಿಯಲ್ಲಿ ತಳ್ಳುವಂತಿದ್ದರೆ ಮಾತ್ರ ಕಾರಂಜಿಯವರೆಗೆ ಹೋಗಿ. ಇಲ್ಲದಿದ್ದರೆ ಬೆಳಕಿರುವಾಗಲೇ ಈಚೆಯ ತೋಟ ನೋಡಿ ಬನ್ನಿ.

ನನ್ನನ್ನು ಕೇಳಿದರೆ ಮೊದಲ ಸಲ ಹೋಗುವವರಿಗೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಒಳ್ಳೆಯದು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ಗೇಟಿನಿಂದ ಸೀದಾ ದಾರಿ, ಸುತ್ತ ಹಸಿರು, ಮರದ ನೆರಳು. ಜಗಲಿ ಹತ್ತಲು ಮಾತ್ರ ಮೇಲೆ ಹೇಳಿದ ಕ್ರಮ ಬೇಕು. ಪಶ್ಚಿಮದ ಗೋಡೆಯಲ್ಲಿ, ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರ ಇದೆ. ತೋಟದಲ್ಲೇ ಒಂದು ಗಂಟೆ ಆರಾಮಾಗಿ ಕಳೆಯಬಹುದು.

ಮನೆಗೆ ಬಂದ ಮೇಲೆ ಕುರ್ಚಿಯನ್ನು ಹಾಗೇ ಮಡಚಿ ಇಡಬೇಡಿ. ಮಗುಚಿ ಹಾಕಿ, ಮುಂದಿನ ಚಕ್ರದ ಅಚ್ಚಿಗೆ ಸುತ್ತಿಕೊಂಡ ಕೂದಲು, ದಾರ, ಹುಲ್ಲನ್ನು ಕತ್ತರಿಯಿಂದ ಬಿಡಿಸಿ. ಒದ್ದೆ ಬಟ್ಟೆಯಲ್ಲಿ ಟೈರ್ ಒರೆಸಿ, ಗಾಳಿ ನೋಡಿ. ಮುಂದಿನ ವಾರ ನೆಂಟರು ಬಂದರೆ ಹುಡುಕಾಡುವುದು ತಪ್ಪುತ್ತದೆ.