ಕ್ಯಾಸ್9 ಮೇಲೆ ದೇಹ ತಿರುಗಿಬೀಳದಂತೆ ಮಾಡುವುದು: ಶಿವಮೊಗ್ಗದಲ್ಲೇ ಆಗುವ ಕೆಲಸ

ಡಿಎನ್‌ಎ ಕತ್ತರಿಸಿ ಜೀನ್ ತಿದ್ದಲು (ಎಡಿಟ್ ಮಾಡಲು) ಬಳಸುವ ಪ್ರೋಟೀನ್ ಕ್ಯಾಸ್9 ಬಂದಿರುವುದು ಗಂಟಲುನೋವು ತರಿಸುವ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್‌ನಿಂದ. ಅದರ ಚಿಕ್ಕ ರೂಪ, ಮೂಗಲ್ಲೂ ಚರ್ಮದಲ್ಲೂ ಬೀಡುಬಿಟ್ಟಿರುವ ಸ್ಟ್ಯಾಫಿಲೊಕಾಕಸ್ ಆರಿಯಸ್‌ನಿಂದ. ಎರಡರ ಪರಿಚಯವೂ ದೇಹಕ್ಕೆ ಹಳೆಯದು. 2019ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಬಂದ ಅಧ್ಯಯನದಲ್ಲಿ ಮೊದಲನೆಯದಕ್ಕೆ ಶೇ 58, ಎರಡನೆಯದಕ್ಕೆ ಶೇ 78 ದಾನಿಗಳಲ್ಲಿ ಪ್ರತಿಕಾಯ ಆಗಲೇ ಇತ್ತು. ಆದರೆ ಕೋಶದೊಳಗೇ ತಯಾರಾಗುವ ಕ್ಯಾಸ್9ಗೆ ಪ್ರತಿಕಾಯಕ್ಕಿಂತ ಹೆಚ್ಚು ಕಾಟ ಕೊಡುವುದು ಸಿಡಿ8 ಟಿ ಕೋಶ ಎಂಬ ರೋಗನಿರೋಧಕ ಬಿಳಿ ರಕ್ತಕಣ. ಎಡಿಟ್ ಆದ ಕೋಶವನ್ನೇ ಅದು ಕೊಂದುಹಾಕುತ್ತದೆ. ಇಲ್ಲಿರುವುದು ಅದರ ಕಣ್ಣು ತಪ್ಪಿಸುವ ಬಗೆ.

ಮೊದಲ ಅರ್ಧ ಕೆಲಸ ಶಂಕರಘಟ್ಟದ ಹಾಸ್ಟೆಲ್ ಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತರೂ ಆಗುತ್ತದೆ. ಸ್ಟ್ರೆಪ್ಟೊಕಾಕಸ್ ಕ್ಯಾಸ್9ನ 1368 ಅಮೈನೊ ಆಮ್ಲಗಳ ಸರಣಿಯನ್ನು ಒಂದೊಂದೇ ಸ್ಥಾನ ಸರಿಸುತ್ತಾ ಒಂಬತ್ತರ ತುಂಡು ಮಾಡಿ. 1360 ಪೆಪ್ಟೈಡ್ (ಪ್ರೋಟೀನ್ ತುಂಡು) ಸಿಗುತ್ತವೆ. ಇಂಥ ತುಂಡನ್ನು ಕೋಶದ ಹೊರಮೈಯಲ್ಲಿ ಹಿಡಿದು ಟಿ ಕೋಶಕ್ಕೆ ತೋರಿಸುವ ಪ್ರೋಟೀನೇ ಎಚ್‌ಎಲ್‌ಎ; ಅದರ ರೂಪ ಜನರಿಂದ ಜನರಿಗೆ ಬೇರೆ. ಯಾವ ತುಂಡು ಯಾವ ಎಚ್‌ಎಲ್‌ಎಗೆ ಅಂಟುತ್ತದೆಂದು ಅಂದಾಜಿಸುವ ನೆಟ್‌ಎಂಎಚ್‌ಸಿಪ್ಯಾನ್ ತಂತ್ರಾಂಶಕ್ಕೆ ಕೊಡಿ. ಶೇಕಡಾ ರ‍್ಯಾಂಕ್ 0.5ಕ್ಕಿಂತ ಕಡಿಮೆ ಇದ್ದರೆ ಗಟ್ಟಿಯಾಗಿ ಅಂಟುವವು, 2ರವರೆಗೆ ಸಡಿಲವಾಗಿ. ಹೆಚ್ಚಿನವರು ಎಡವುವುದು ಎಚ್‌ಎಲ್‌ಎ ಆಯ್ಕೆಯಲ್ಲಿ. ಪ್ರಬಂಧಗಳಲ್ಲಿ ಎಲ್ಲೆಲ್ಲೂ ಎ*02:01 ಎಂಬ ರೂಪ ಇರುತ್ತದೆ, ಅದು ಯುರೋಪಿನವರಲ್ಲಿ ಹೆಚ್ಚು. ಭಾರತೀಯರಿಗಾಗಿ ಎ*11:01, ಎ*24:02, ಎ*33:03, ಎ*02:11 ಸೇರಿಸದಿದ್ದರೆ ಪಟ್ಟಿ ಮಾಡಿಯೂ ಪ್ರಯೋಜನವಿಲ್ಲ.

ಪೆಪ್ಟೈಡನ್ನು ಎಚ್‌ಎಲ್‌ಎಗೆ ಹಿಡಿದಿಡುವುದು ಮುಖ್ಯವಾಗಿ ಅದರ 2ನೇ ಮತ್ತು 9ನೇ ಸ್ಥಾನ. ಅಲ್ಲಿ ಒಂದನ್ನು ಬದಲಿಸಿದರೆ ಸಾಕು. ಎ*02:01ಕ್ಕಾಗಿ 241 ಮತ್ತು 616ನೇ ಸ್ಥಾನದ ಲ್ಯೂಸಿನ್ ಬದಲು ಗ್ಲೈಸಿನ್ ಇಟ್ಟಾಗ ಟಿ ಕೋಶದ ಪ್ರತಿಕ್ರಿಯೆ ಇಳಿಯಿತು, ಕತ್ತರಿಸುವ ಶಕ್ತಿ ಉಳಿಯಿತು. ಇದೇ ಸೂತ್ರ ನಮ್ಮ ಪಟ್ಟಿಗೆ ನೇರವಾಗಿ ಒಗ್ಗುವುದಿಲ್ಲ. ಎ*11:01 ಮತ್ತು ಎ*33:03 ಕೊನೆಯಲ್ಲಿ ಬಯಸುವುದು ಲೈಸಿನ್ ಅಥವಾ ಆರ್ಜಿನಿನ್. ಕ್ಯಾಸ್9 ತನಗೆ ಕತ್ತರಿಸುವ ಜಾಗ ತೋರುವ ಗೈಡ್ ಆರ್‌ಎನ್‌ಎ, ಡಿಎನ್‌ಎಗಳನ್ನು ಹಿಡಿಯುವುದೂ ಇವುಗಳಿಂದಲೇ. ಹಾಗಾಗಿ ಮೊದಲು ಕ್ಯಾಸ್9ನ ಮೂರು ಆಯಾಮದ ರಚನೆಯ ಕಡತ 4ಯುಎನ್3 ಅನ್ನು ಕೈಮೆರಾಎಕ್ಸ್ ತಂತ್ರಾಂಶದಲ್ಲಿ ತೆರೆದು ಆ ಸ್ಥಾನ ಆರ್‌ಎನ್‌ಎ ಕಡೆ ಮುಖ ಮಾಡಿದೆಯೇ ನೋಡಿ. ಮಾಡಿದ್ದರೆ 9ನ್ನು ಬಿಟ್ಟು 2ನೇ ಸ್ಥಾನ ಬದಲಿಸಿ. 10, 840, 1333, 1335ನೇ ಸ್ಥಾನಗಳ ತಂಟೆಗೆ ಹೋಗಲೇಬೇಡಿ. ಹೆಲಿಕ್ಸ್ ನಡುವೆ ಗ್ಲೈಸಿನ್ ಹಾಕಿದರೆ ಪ್ರೋಟೀನ್ ಸಡಿಲಾಗುತ್ತದೆ. ಸಂಬಂಧಿ ಬ್ಯಾಕ್ಟೀರಿಯಾಗಳ ಕ್ಯಾಸ್9ನಲ್ಲಿ ಅದೇ ಜಾಗದಲ್ಲಿ ಏನಿದೆ ಎಂದು ನೋಡಿ ಅದನ್ನೇ ಹಾಕುವುದು ಜಾಣತನ. ಒಂದು ಬದಲಾವಣೆ ಒಂಬತ್ತು ಪೆಪ್ಟೈಡ್‌ಗಳನ್ನು ಮುಟ್ಟುತ್ತದೆ, ಅಷ್ಟನ್ನೂ ಮತ್ತೆ ಪರೀಕ್ಷಿಸಿ. ಒಂದು ಎಪಿಟೋಪ್ (ಟಿ ಕೋಶ ಗುರುತಿಸುವ ತುಂಡು) ಹೋಗಿ ಇನ್ನೊಂದು ಹುಟ್ಟಿಕೊಳ್ಳುವುದು ಅಪರೂಪವೇನಲ್ಲ.

ಕತ್ತರಿಸುವ ಪರೀಕ್ಷೆಯಲ್ಲಿ ಬದಲಾವಣೆಗಳನ್ನು ಮೊದಲು ಒಂದೊಂದಾಗಿ, ಆಮೇಲೆ ಜೋಡಿಸಿ ನೋಡಿ. ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕೋಶ ಎಚ್‌ಇಕೆ293ಟಿ, ಕನಿಷ್ಠ ಮೂರು ಗೈಡ್, 72 ಗಂಟೆ, ನಂತರ ಕತ್ತರಿಸಿದ ಜಾಗವನ್ನು ಓದುವ ಆಂಪ್ಲಿಕಾನ್ ಸೀಕ್ವೆನ್ಸಿಂಗ್. ಜೊತೆಗೆ ಪ್ರೋಟೀನ್ ಪ್ರಮಾಣ ತೋರಿಸುವ ವೆಸ್ಟರ್ನ್ ಬ್ಲಾಟ್ ಕಡ್ಡಾಯ. ಪ್ರೋಟೀನ್ ಮುರಿದು ಪ್ರಮಾಣವೇ ಕಡಿಮೆಯಾಗಿದ್ದರೆ ಪ್ರತಿಕ್ರಿಯೆಯೂ ಕಡಿಮೆ ಕಾಣುತ್ತದೆ, ಅದನ್ನು ಗೆಲುವೆಂದು ಲೆಕ್ಕ ಹಾಕಬೇಡಿ.

ಕೊನೆಗೆ ಎಲಿಸ್ಪಾಟ್: ಪ್ರತಿಕ್ರಿಯಿಸಿದ ಒಂದೊಂದು ಟಿ ಕೋಶವೂ ಒಂದೊಂದು ಚುಕ್ಕೆಯಾಗಿ ಕಾಣುವ ಪರೀಕ್ಷೆ. ಇಲ್ಲಿನವರದೇ ರಕ್ತ ಬೇಕು, ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ, ದಾನಿಗಳ ಎಚ್‌ಎಲ್‌ಎ ಟೈಪಿಂಗ್ ಎರಡೂ ಮೊದಲೇ ಆಗಿರಲಿ. ಹೆಪಾರಿನ್ ಟ್ಯೂಬಿನಲ್ಲಿ ತೆಗೆದ ರಕ್ತವನ್ನು ಐಸ್ ಮೇಲಿಡದೆ, ಎಂಟು ಗಂಟೆಯೊಳಗೆ ಫೈಕಾಲ್ ಎಂಬ ಸಾಂದ್ರ ದ್ರವದ ಮೇಲೆ ಕೋಶಗಳನ್ನು ಬೇರ್ಪಡಿಸಿ. ರಾತ್ರಿ ಬಸ್ಸಿಗೆ ಹಾಕಿ ಬೆಂಗಳೂರಿಗೆ ಕಳಿಸಿದರೆ ಬೆಳಗ್ಗೆ ಬೇರ್ಪಡಿಸುವಾಗ ಗ್ರ್ಯಾನ್ಯುಲೊಸೈಟ್‌ಗಳು (ಇಲ್ಲಿ ಬೇಡದ ಬಿಳಿ ರಕ್ತಕಣಗಳು) ನಮಗೆ ಬೇಕಾದ ಪದರಕ್ಕೇ ಬೆರೆಯುತ್ತವೆ. ಇಲ್ಲೇ ಬೇರ್ಪಡಿಸಿ ದ್ರವ ಸಾರಜನಕದಲ್ಲಿಡಿ. ಪ್ಲೇಟಿನ ಒಂದು ವೆಲ್‌ಗೆ (ಗುಳಿಗೆ) 2 ಲಕ್ಷ ಕೋಶ, ಪೆಪ್ಟೈಡ್ ಮಿಲಿಲೀಟರಿಗೆ 5ರಿಂದ 10 ಮೈಕ್ರೋಗ್ರಾಂ, ಪೆಪ್ಟೈಡ್ ಕರಗಿಸುವ ದ್ರಾವಕ ಡಿಎಂಎಸ್‌ಒ ಶೇ 0.5 ಮೀರದಿರಲಿ. ಮೂಲ ಪೆಪ್ಟೈಡ್, ಬದಲಾದ ಪೆಪ್ಟೈಡ್ ಎರಡೂ ಒಂದೇ ದಾನಿಯ ಕೋಶದ ಮೇಲೆ, ಒಂದೇ ಪ್ಲೇಟಿನಲ್ಲಿ. ಪೆಪ್ಟೈಡಿನ ಬದಲು ಇ. ಕೋಲೈನಲ್ಲಿ ಬೆಳೆಸಿದ ಪೂರ್ತಿ ಪ್ರೋಟೀನ್ ಹಾಕುವುದಾದರೆ ಆ ಬ್ಯಾಕ್ಟೀರಿಯಾದಿಂದ ಬರುವ ವಿಷ ಎಂಡೊಟಾಕ್ಸಿನ್ ಅನ್ನು ಮೊದಲು ತೆಗೆಯಿರಿ; ಇಲ್ಲವಾದರೆ ಎಲ್ಲ ವೆಲ್‌ಗಳೂ ಚುಕ್ಕೆಮಯ.

ಮಳೆಗಾಲದಲ್ಲಿ ಇಲ್ಲಿ ಇನ್ನೊಂದು ತಲೆನೋವು. ಫ್ರೀಜರಿನಿಂದ ತೆಗೆದ ಪೆಪ್ಟೈಡ್ ಪುಡಿಯ ಸೀಸೆಯನ್ನು ತಕ್ಷಣ ತೆರೆದರೆ ಆಗುಂಬೆ ಕಡೆಯ ಗಾಳಿಯ ತೇವ ಒಳಗೇ ಹನಿಯುತ್ತದೆ, ತೂಕ ತಪ್ಪುತ್ತದೆ. ಮುಚ್ಚಳ ಹಾಗೇ ಇಟ್ಟು, ಡೆಸಿಕೇಟರಿನಲ್ಲಿ ಕೋಣೆಯ ಉಷ್ಣತೆಗೆ ಬಂದ ಮೇಲೆ ತೆರೆಯಿರಿ. ಪ್ಲೇಟ್ ಇನ್‌ಕ್ಯುಬೇಟರಿಗೆ ಹೋದ ಮೇಲೆ ಕರೆಂಟ್ ಹೋಗಿದೆಯೇನೋ ಎಂದು ಬಾಗಿಲು ತೆಗೆದು ಪ್ಲೇಟ್ ಅಲುಗಿಸಬೇಡಿ: ಕೋಶ ಸರಿದರೆ ದುಂಡಗಿನ ಚುಕ್ಕೆ ಬಾಲ ಎಳೆದಂತೆ ಮೂಡುತ್ತದೆ, ಎಣಿಸಲು ಬರುವುದಿಲ್ಲ.