ಅಮೆರಿಕದಲ್ಲಿ ಕಾರ್ಡ್ ಶುಲ್ಕ: ಬಿಲ್ಲಿಗೆ ಸೇರುವ ಆ ಶೇ. 3ರ ಲೆಕ್ಕ

ಯುಪಿಐ ರೂಢಿಯಾಗಿ ಬಂದವರಿಗೆ ಅಮೆರಿಕದ ಬಿಲ್ಲಿನ ಕೊನೆಯಲ್ಲಿ ‘ಸರ್ಚಾರ್ಜ್’ ಅಥವಾ ‘ನಾನ್-ಕ್ಯಾಶ್ ಅಡ್ಜಸ್ಟ್‌ಮೆಂಟ್’ ಎಂಬ ಸಾಲು ಕಂಡರೆ ಗೊಂದಲವಾಗುವುದು ಸಹಜ. ಭಾರತದಲ್ಲಿ 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ಆಗುವ ಯುಪಿಐ ಪಾವತಿಗೂ ರುಪೇ ಡೆಬಿಟ್ ಕಾರ್ಡಿಗೂ ಅಂಗಡಿಯವರು ಶುಲ್ಕ ಕೊಡಬೇಕಿಲ್ಲ. ಇಲ್ಲಿ ಹಾಗಲ್ಲ. ಗ್ರಾಹಕರು ಕಾರ್ಡ್ ಉಜ್ಜಿದ ಪ್ರತಿ ಸಲವೂ ಅಂಗಡಿಯವರ ಪಾಲಿನಿಂದ ಒಂದಿಷ್ಟು ಕಡಿತವಾಗುತ್ತದೆ. ಅದನ್ನು ಗ್ರಾಹಕರಿಂದ ಪಡೆಯಲು ದಾರಿಗಳಿವೆ. ಆದರೆ ಒಂದೊಂದು ದಾರಿಗೂ ಬೇರೆ ಹೆಸರು, ಬೇರೆ ಕಟ್ಟಳೆ. ದಿನಸಿ ಅಂಗಡಿ, ಕೇಟರಿಂಗ್, ನೃತ್ಯ ತರಗತಿ ನಡೆಸುವ ಕನ್ನಡಿಗರಿಗೂ ಅಲ್ಲಿ ದುಡ್ಡು ಕೊಡುವವರಿಗೂ ಇದು ತಿಳಿದಿರಬೇಕು.

ದುಡ್ಡು ಎಲ್ಲಿಗೆ ಹೋಗುತ್ತದೆ

ಕಾರ್ಡ್ ಶುಲ್ಕ ಮೂರು ಕಡೆ ಹಂಚಿಕೆಯಾಗುತ್ತದೆ. ದೊಡ್ಡ ಪಾಲು ಇಂಟರ್‌ಚೇಂಜ್. ಅದು ಗ್ರಾಹಕರಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಸೇರುತ್ತದೆ, ಅವರ ರಿವಾರ್ಡ್ ಪಾಯಿಂಟುಗಳ ಖರ್ಚೂ ಬಹುಮಟ್ಟಿಗೆ ಇದರಿಂದಲೇ ಹೊರಡುತ್ತದೆ. ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಗಳಿಗೆ ಹೋಗುವುದು ಚಿಕ್ಕ ಪಾಲು. ಉಳಿದದ್ದು ನಿಮ್ಮ ಅಂಗಡಿಗೆ ಯಂತ್ರ ಕೊಟ್ಟು ಖಾತೆಗೆ ಹಣ ಹಾಕುವ ಪ್ರೊಸೆಸರ್‌ನದು. ಚೌಕಾಸಿ ಮಾಡಲು ಬರುವುದು ಈ ಮೂರನೆಯದರಲ್ಲಿ ಮಾತ್ರ.

ಪ್ರೊಸೆಸರ್ ದರ ಶೇ. 2.6 ಮತ್ತು ಪ್ರತಿ ವಹಿವಾಟಿಗೆ 10 ಸೆಂಟ್ ಎಂದಿದೆ ಎಂದುಕೊಳ್ಳಿ. 100 ಡಾಲರ್ ಬಿಲ್ಲಿಗೆ 2.70 ಡಾಲರ್ ಹೋಗುತ್ತದೆ. 5 ಡಾಲರ್‌ನ ಕಾಫಿ-ತಿಂಡಿಗೆ ಹೋಗುವುದು 23 ಸೆಂಟ್, ಅಂದರೆ ಶೇ. 4.6. ಸಣ್ಣ ಬಿಲ್ಲಿನ ಅಂಗಡಿಗಳ ದರ ಹೀಗೆ ಏರುವುದು ಆ 10 ಸೆಂಟಿನಿಂದ. ಮುಂದಿನ ಲೆಕ್ಕಕ್ಕೆಲ್ಲ ಇದು ಬೇಕಾಗುತ್ತದೆ.

ಡೆಬಿಟ್ ಕಾರ್ಡಿನ ಕತೆ ಬೇರೆ. 2010ರ ಡಾಡ್-ಫ್ರಾಂಕ್ ಕಾಯ್ದೆಯೊಳಗಿನ ಡರ್ಬಿನ್ ತಿದ್ದುಪಡಿಯಂತೆ, 1,000 ಕೋಟಿ ಡಾಲರ್ ಮತ್ತು ಅದಕ್ಕಿಂತ ಹೆಚ್ಚು ಆಸ್ತಿಯಿರುವ ಬ್ಯಾಂಕುಗಳ ಡೆಬಿಟ್ ಇಂಟರ್‌ಚೇಂಜ್‌ಗೆ ಫೆಡರಲ್ ರಿಸರ್ವ್ ಮಿತಿ ಹಾಕಿತು. 2011ರ ಅಕ್ಟೋಬರ್‌ನಲ್ಲಿ ಜಾರಿಯಾದ ಆ ಮಿತಿ 21 ಸೆಂಟ್, ಜೊತೆಗೆ ಮೊತ್ತದ ಶೇ. 0.05, ವಂಚನೆ ತಡೆಗಟ್ಟುವ ಕ್ರಮ ಕೈಗೊಂಡ ಬ್ಯಾಂಕಿಗೆ ಇನ್ನೊಂದು ಸೆಂಟ್. 100 ಡಾಲರ್‌ಗೆ ಒಟ್ಟು 27 ಸೆಂಟ್. ಆದರೆ ಎಲ್ಲ ಕಾರ್ಡಿಗೂ ಒಂದೇ ದರ ಎನ್ನುವ ಪ್ರೊಸೆಸರ್ ಆ ಡೆಬಿಟ್ ವಹಿವಾಟಿಗೂ 2.70 ಡಾಲರ್ ಹಿಡಿದುಕೊಳ್ಳುತ್ತದೆ. ನಿಮ್ಮಲ್ಲಿ ಡೆಬಿಟ್ ಗ್ರಾಹಕರೇ ಹೆಚ್ಚಿದ್ದರೆ ಮೊದಲು ಕೇಳಬೇಕಾದ್ದು ‘ಇಂಟರ್‌ಚೇಂಜ್ ಪ್ಲಸ್’ ದರವನ್ನು. ಅದರಲ್ಲಿ ಬ್ಯಾಂಕಿನ ನಿಜವಾದ ಶುಲ್ಕ ಬೇರೆ, ಪ್ರೊಸೆಸರ್‌ನ ಲಾಭ ಬೇರೆಯಾಗಿ ಕಾಣುತ್ತದೆ. ಗ್ರಾಹಕರಿಂದ ಒಂದು ಸೆಂಟೂ ಹೆಚ್ಚು ಕೇಳದೆ ಖರ್ಚು ಇಳಿಯುವುದು ಇಲ್ಲಿಯೇ.

ಹಲಗೆಯ ಮೇಲಿರುವ ಬೆಲೆ ಯಾವುದು?

ಸರ್ಚಾರ್ಜ್, ಕ್ಯಾಶ್ ಡಿಸ್ಕೌಂಟ್, ಡ್ಯುಯಲ್ ಪ್ರೈಸಿಂಗ್: ಕೊಡುವ ದುಡ್ಡು ನೋಡಿದರೆ ಮೂರೂ ಒಂದೇ ಅನ್ನಿಸುತ್ತದೆ. ಕಾನೂನೂ ಕಾರ್ಡ್ ಜಾಲಗಳೂ ನೋಡುವುದು ಒಂದನ್ನೇ: ಅಂಗಡಿಯ ಹಲಗೆಯಲ್ಲಿ, ಮೆನುವಿನಲ್ಲಿ ಬರೆದಿರುವುದು ಯಾರು ಕೊಡುವ ಬೆಲೆ?

10 ಡಾಲರ್ ಎಂದು ಬರೆದು, ಗಲ್ಲಾದ ಬಳಿ ಕಾರ್ಡ್ ತೆಗೆದವರಿಗೆ 10.30 ಕೇಳಿದರೆ ಅದು ಸರ್ಚಾರ್ಜ್. 10.30 ಎಂದು ಬರೆದು, ನಗದು ಕೊಟ್ಟವರಿಗೆ 30 ಸೆಂಟ್ ಇಳಿಸಿದರೆ ಅದು ಕ್ಯಾಶ್ ಡಿಸ್ಕೌಂಟ್. ನಗದು 10.00, ಕಾರ್ಡ್ 10.30 ಎಂದು ಎರಡನ್ನೂ ಬರೆದರೆ ಡ್ಯುಯಲ್ ಪ್ರೈಸಿಂಗ್. ಪೆಟ್ರೋಲ್ ಬಂಕುಗಳ ದೊಡ್ಡ ಬೋರ್ಡುಗಳಲ್ಲಿ ನೀವು ನೋಡಿರುವುದು ಇದನ್ನೇ. ನಗದಿಗೆ ರಿಯಾಯಿತಿ ಕೊಡುವುದನ್ನು 1974ರ ಫೆಡರಲ್ ಕಾಯ್ದೆಯಿಂದಲೇ ಕಾರ್ಡ್ ಕಂಪನಿಗಳು ತಡೆಯುವಂತಿಲ್ಲ. ಸರ್ಚಾರ್ಜ್‌ಗೆ ಆ ರಕ್ಷಣೆ ಇಲ್ಲ. ವ್ಯಾಪಾರಿಗಳು ಹೂಡಿದ ದೊಡ್ಡ ಮೊಕದ್ದಮೆಯ ರಾಜಿಯ ನಂತರ, 2013ರ ಜನವರಿ 27ರಿಂದಷ್ಟೇ ವೀಸಾ ಮತ್ತು ಮಾಸ್ಟರ್‌ಕಾರ್ಡ್ ಅದಕ್ಕೆ ಒಪ್ಪಿದವು. ಅದೂ ಹಲವು ಷರತ್ತುಗಳ ಮೇಲೆ.

ಸಣ್ಣ ವ್ಯಾಪಾರಿಗಳು ಎಡವುವುದು ಇಲ್ಲಿಯೇ. ‘ನಿಮಗೆ ಶುಲ್ಕ ಸೊನ್ನೆ’ ಎನ್ನುತ್ತ ಬರುವ ಏಜೆಂಟರು ಕ್ಯಾಶ್ ಡಿಸ್ಕೌಂಟ್ ಎಂದು ಹೆಸರಿಟ್ಟು ಮಾರುವ ಯಂತ್ರಗಳಲ್ಲಿ ಹಲವು ಮಾಡುವುದು ಇಷ್ಟೇ: ಹಲಗೆಯ ಬೆಲೆಗೆ ಶೇ. 3.5 ಅಥವಾ 4 ಸೇರಿಸುವುದು, ನಗದು ಕೊಟ್ಟರೆ ಅದನ್ನು ತೆಗೆಯುವುದು. ಹೆಸರು ಏನೇ ಇರಲಿ, ಅದು ಸರ್ಚಾರ್ಜ್. ವೀಸಾ ಕೂಡ ಹಾಗೆಂದು ಸ್ಪಷ್ಟವಾಗಿ ಹೇಳಿದೆ. ಅದೂ ವೀಸಾದ ಶೇ. 3ರ ಮಿತಿ ಮೀರಿದ ಸರ್ಚಾರ್ಜ್, ಜೊತೆಗೆ ಹಾಕಲೇಬಾರದ ಡೆಬಿಟ್ ಕಾರ್ಡಿನ ಮೇಲೂ ಬೀಳುವ ಸರ್ಚಾರ್ಜ್. ದಂಡ ಬಂದರೆ ಪ್ರೊಸೆಸರ್ ಅದನ್ನು ನಿಮ್ಮ ಖಾತೆಗೆ ದಾಟಿಸುತ್ತದೆ. ಸಹಿ ಮಾಡುವ ಮುಂಚೆ ಕರಾರಿನಲ್ಲಿ ಮೂರು ವಿಷಯ ಹುಡುಕಿ: ಯಂತ್ರ ಬಾಡಿಗೆಯದೇ, ಅದರ ಅವಧಿ ಎಷ್ಟು ತಿಂಗಳು, ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು. ನಾಲ್ಕು ವರ್ಷ ರದ್ದು ಮಾಡಲಾಗದ ಬಾಡಿಗೆ ಕರಾರಿಗೆ ಸಿಕ್ಕಿಕೊಂಡರೆ ಉಳಿಸಿದ ಶುಲ್ಕವೆಲ್ಲ ಅಲ್ಲಿಗೇ ಸಂದಾಯ.

ಸರ್ಚಾರ್ಜ್ ಹಾಕುವುದಾದರೆ

ಮೊದಲು ರಾಜ್ಯದ ಕಾನೂನು ನೋಡಿ. ಮ್ಯಾಸಚೂಸೆಟ್ಸ್ ಮತ್ತು ಕನೆಕ್ಟಿಕಟ್‌ಗಳಲ್ಲಿ ಸರ್ಚಾರ್ಜ್‌ಗೆ ನಿಷೇಧವಿದೆ. ಅಲ್ಲಿ ನಗದು ರಿಯಾಯಿತಿಯೇ ದಾರಿ. ಕೊಲೊರಾಡೊದಲ್ಲಿ 2022ರ ಜುಲೈ 1ರಿಂದ ಸರ್ಚಾರ್ಜ್‌ಗೆ ಅವಕಾಶವಿದೆ: ಒಂದೋ ಶೇ. 2ರವರೆಗೆ, ಇಲ್ಲವೇ ನಿಮಗೆ ನಿಜವಾಗಿ ತಗಲುವ ಶುಲ್ಕದಷ್ಟು. ನ್ಯೂಜೆರ್ಸಿಯಲ್ಲೂ ನಿಜವಾದ ವೆಚ್ಚ ಮೀರುವಂತಿಲ್ಲ. ನ್ಯೂಯಾರ್ಕ್‌ನ ನಿಯಮ ಇನ್ನೂ ಬಿಗಿ. 2024ರ ಫೆಬ್ರವರಿ 11ರಿಂದ ಅಲ್ಲಿ ಕಾರ್ಡಿನಲ್ಲಿ ಕೊಟ್ಟರೆ ಆಗುವ ಪೂರ್ತಿ ಬೆಲೆಯನ್ನು ಡಾಲರ್-ಸೆಂಟ್‌ಗಳಲ್ಲೇ ಬರೆದಿರಬೇಕು. ‘ಕಾರ್ಡಿಗೆ ಶೇ. 3 ಹೆಚ್ಚುವರಿ’ ಎಂಬ ಬೋರ್ಡ್ ಸಾಲದು. ಗ್ರಾಹಕರಿಂದ ಲೆಕ್ಕ ಮಾಡಿಸುವಂತಿಲ್ಲ. ಒಂದೊಂದು ಉಲ್ಲಂಘನೆಗೆ 500 ಡಾಲರ್‌ವರೆಗೆ ದಂಡ. ಕಾನೂನುಗಳು ಬದಲಾಗುತ್ತಿರುವುದರಿಂದ, ಬೋರ್ಡ್ ಮಾಡಿಸುವ ಮೊದಲು ನಿಮ್ಮ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಜಾಲತಾಣವನ್ನೊಮ್ಮೆ ಓದಿ.

ಆಮೇಲೆ ದರದ ಲೆಕ್ಕ. ಪ್ರೊಸೆಸರ್ ಕಳಿಸುವ ತಿಂಗಳ ಸ್ಟೇಟ್‌ಮೆಂಟ್ ತೆಗೆದು, ಕ್ರೆಡಿಟ್ ಕಾರ್ಡಿಗೆ ಹೋದ ಒಟ್ಟು ಶುಲ್ಕವನ್ನು ಕ್ರೆಡಿಟ್ ಕಾರ್ಡಿನ ಒಟ್ಟು ಮಾರಾಟದಿಂದ ಭಾಗಿಸಿ. 18,000 ಡಾಲರ್ ಮಾರಾಟಕ್ಕೆ 513 ಡಾಲರ್ ಶುಲ್ಕವಾದರೆ ನಿಮ್ಮ ದರ ಶೇ. 2.85. ಅದೇ ನಿಮ್ಮ ಗರಿಷ್ಠ ಸರ್ಚಾರ್ಜ್. ನಿಜವಾದ ವೆಚ್ಚ ಎಷ್ಟೇ ಇರಲಿ, ವೀಸಾ 2023ರ ಏಪ್ರಿಲ್ 15ರಿಂದ ಶೇ. 3ಕ್ಕೆ ಗೆರೆ ಎಳೆದಿದೆ. ಅದಕ್ಕೂ ಮೊದಲು ಶೇ. 4 ಇತ್ತು. ಮಾಸ್ಟರ್‌ಕಾರ್ಡ್‌ನ ಮಿತಿ ಈಗಲೂ ಶೇ. 4. ಆದರೆ ಕಾರ್ಡಿಗೊಂದು ದರ ಇಟ್ಟು ಗಲ್ಲಾದ ಬಳಿ ವಾದಕ್ಕೆ ನಿಲ್ಲುವ ಬದಲು ಎಲ್ಲಕ್ಕೂ ಶೇ. 3ರ ಒಳಗಿನ ಒಂದೇ ದರ ಇಡುವುದು ಕ್ಷೇಮ.

5 ಡಾಲರ್ ಬಿಲ್ಲಿಗೆ ಹಿಂತಿರುಗಿ. ಶುಲ್ಕ 23 ಸೆಂಟ್, ಶೇ. 2.85ರ ಸರ್ಚಾರ್ಜ್‌ನಿಂದ ಬರುವುದು 14 ಸೆಂಟ್. ಸಣ್ಣ ಬಿಲ್ಲಿನ ಅಂಗಡಿಗೆ ಸರ್ಚಾರ್ಜ್‌ನಿಂದ ನಷ್ಟ ತುಂಬುವುದಿಲ್ಲ, ಗ್ರಾಹಕರ ಬೇಸರ ಮಾತ್ರ ಪೂರ್ತಿ ಸಿಗುತ್ತದೆ. ಅಂಥವರಿಗೆ ಡರ್ಬಿನ್ ತಿದ್ದುಪಡಿ ಕೊಟ್ಟಿರುವ ಇನ್ನೊಂದು ಹಕ್ಕು ಹೆಚ್ಚು ಉಪಯೋಗಕ್ಕೆ ಬರುತ್ತದೆ: ಕ್ರೆಡಿಟ್ ಕಾರ್ಡಿಗೆ 10 ಡಾಲರ್‌ವರೆಗೆ ಕನಿಷ್ಠ ಖರೀದಿ ನಿಗದಿ ಮಾಡಬಹುದು. ಎಲ್ಲ ಬ್ಯಾಂಕಿನ, ಎಲ್ಲ ಜಾಲದ ಕ್ರೆಡಿಟ್ ಕಾರ್ಡಿಗೂ ಅದು ಒಂದೇ ಆಗಿರಬೇಕು; ಡೆಬಿಟ್‌ಗೆ ಅನ್ವಯಿಸುವಂತಿಲ್ಲ. ‘ಕಾರ್ಡಿಗೆ ಕನಿಷ್ಠ 15 ಡಾಲರ್’ ಎಂಬ ಬೋರ್ಡುಗಳು ಮೊತ್ತದಲ್ಲೂ ತಪ್ಪು, ಡೆಬಿಟ್ಟನ್ನು ಸೇರಿಸಿಕೊಂಡದ್ದರಲ್ಲೂ ತಪ್ಪು.

ಸರ್ಚಾರ್ಜ್ ಹಾಕುವ 30 ದಿನ ಮುಂಚೆ ನಿಮ್ಮ ಪ್ರೊಸೆಸರ್‌ಗೆ ಲಿಖಿತವಾಗಿ ತಿಳಿಸಬೇಕು. ಮಾಸ್ಟರ್‌ಕಾರ್ಡ್‌ಗೆ ಅದರ ಜಾಲತಾಣದ ಅರ್ಜಿಯ ಮೂಲಕ ಬೇರೆಯಾಗಿಯೂ ತಿಳಿಸಬೇಕು. ಅಂಗಡಿಯ ಬಾಗಿಲಲ್ಲೊಂದು, ಗಲ್ಲಾದ ಬಳಿಯೊಂದು ಬೋರ್ಡ್ ಬೇಕು. ದರ ಎಷ್ಟು, ಅದು ನಿಮ್ಮ ವೆಚ್ಚವನ್ನು ಮೀರಿಲ್ಲ ಎಂಬುದು ಅದರಲ್ಲಿರಬೇಕು. ಕಾರ್ಡ್ ಒತ್ತುವ ಮುಂಚೆಯೇ ಗ್ರಾಹಕರಿಗೆ ಮೊತ್ತ ತಿಳಿಯಬೇಕು, ಬೇಡವೆನ್ನಲು ಅವಕಾಶವಿರಬೇಕು. ರಸೀದಿಯಲ್ಲಿ ಸರ್ಚಾರ್ಜ್ ಪ್ರತ್ಯೇಕ ಸಾಲಾಗಿ, ಡಾಲರ್ ಮೊತ್ತದಲ್ಲಿ ಮುದ್ರಣವಾಗಬೇಕು. ಸಾಮಾನು ವಾಪಸಾದರೆ ಸರ್ಚಾರ್ಜೂ ವಾಪಸ್. ಅರ್ಧ ಸಾಮಾನಿಗೆ ಅರ್ಧ ಸರ್ಚಾರ್ಜ್.

ಡೆಬಿಟ್ ಮತ್ತು ಪ್ರೀಪೇಯ್ಡ್ ಕಾರ್ಡಿಗೆ ಸರ್ಚಾರ್ಜ್ ಹಾಕುವಂತೆಯೇ ಇಲ್ಲ. ಪಿನ್ ಒತ್ತದೆ ‘ಕ್ರೆಡಿಟ್’ ಎಂದು ಆರಿಸಿದರೂ ಡೆಬಿಟ್ ಕಾರ್ಡ್ ಡೆಬಿಟ್ಟೇ. ವೀಸಾ ಚಿಹ್ನೆಯಿರುವ ಗಿಫ್ಟ್ ಕಾರ್ಡ್ ಪ್ರೀಪೇಯ್ಡ್. ಹೊಸದಾಗಿ ಬಂದವರು ಠೇವಣಿ ಇಟ್ಟು ಪಡೆಯುವ ಸೆಕ್ಯೂರ್ಡ್ ಕಾರ್ಡ್ ಮಾತ್ರ ಕ್ರೆಡಿಟ್ ಕಾರ್ಡೇ, ಅದಕ್ಕೆ ಸರ್ಚಾರ್ಜ್ ಹಾಕಬಹುದು. ಈ ಭೇದವನ್ನು ಗಲ್ಲಾದಲ್ಲಿ ಕೂತವರು ಕಣ್ಣಳತೆಯಲ್ಲಿ ಮಾಡಲಾರರು. ಕಾರ್ಡ್ ಸಂಖ್ಯೆಯ ಮೊದಲ ಅಂಕಿಗಳನ್ನು ನೋಡಿ ಯಂತ್ರವೇ ಗುರುತಿಸಬೇಕು. ಹೊಸ ಯಂತ್ರ ಕೂರಿಸಿದ ದಿನವೇ ನಿಮ್ಮ ಡೆಬಿಟ್ ಕಾರ್ಡಿನಿಂದ 1 ಡಾಲರ್ ವಹಿವಾಟು ಮಾಡಿ ರಸೀದಿ ನೋಡಿ. ಸರ್ಚಾರ್ಜ್ ಸಾಲು ಬಂದರೆ ಅಂಗಡಿ ತೆರೆಯುವ ಮುಂಚೆ ಪ್ರೊಸೆಸರ್‌ಗೆ ಫೋನ್ ಮಾಡಿ ಸರಿಪಡಿಸಿಕೊಳ್ಳಿ.

ತರಗತಿಗಳಿಗೆ ಇನ್ನೊಂದು ಹೆಸರು

ಸಂಗೀತ, ನೃತ್ಯ ತರಗತಿಯವರು ಬಳಸುವ ‘ಕನ್ವೀನಿಯೆನ್ಸ್ ಫೀ’ ಇವಾವುದೂ ಅಲ್ಲ. ರೂಢಿಯಾಗಿ ಚೆಕ್ಕೋ ನಗದೋ ಕೈಯಲ್ಲೇ ಪಡೆಯುವವರು, ಅನುಕೂಲಕ್ಕೆಂದು ಆನ್‌ಲೈನ್ ದಾರಿಯೊಂದನ್ನು ತೆರೆದಾಗ ಅದಕ್ಕೆ ಪಡೆಯುವ ಶುಲ್ಕ ಇದು. ವೀಸಾ ನಿಯಮದಂತೆ ಇದು ಶೇಕಡಾವಾರು ಆಗಿರಬಾರದು, 3 ಡಾಲರ್ ಎಂದರೆ ಎಲ್ಲ ಮೊತ್ತಕ್ಕೂ 3 ಡಾಲರೇ. ಆನ್‌ಲೈನ್ ಬಿಟ್ಟು ಬೇರೆ ದಾರಿಯೇ ಇಲ್ಲದ ತರಗತಿ ಇದನ್ನು ಕೇಳುವಂತಿಲ್ಲ. ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಪಾವತಿಗೂ ಹಾಕುವಂತಿಲ್ಲ. ಬಹಳ ತರಗತಿಗಳು ಇದೇ ತಪ್ಪು ಮಾಡುತ್ತವೆ. ಸರ್ಕಾರದ ತೆರಿಗೆ, ವಿಶ್ವವಿದ್ಯಾಲಯದ ಶುಲ್ಕಗಳಿಗೆ ಪ್ರತ್ಯೇಕ ವ್ಯವಸ್ಥೆಯಿದೆ. ಅಲ್ಲಿ ಡೆಬಿಟ್‌ಗೂ ಶುಲ್ಕ ಕಂಡರೆ ಅದನ್ನು ಅಂಗಡಿಯ ನಿಯಮದಿಂದ ಅಳೆಯಬೇಡಿ.

ಬೆಲೆಯನ್ನೇ ಏರಿಸುವುದು

ಬಹುತೇಕ ಸಣ್ಣ ಅಂಗಡಿಗಳಿಗೆ ನಮ್ಮ ಸಲಹೆ ಇದೇ. ನೂರರಲ್ಲಿ 80 ಡಾಲರ್ ಕಾರ್ಡಿನಿಂದ ಬರುತ್ತಿದ್ದು ದರ ಶೇ. 2.85 ಇದ್ದರೆ, ಒಟ್ಟು ವ್ಯಾಪಾರದ ಮೇಲೆ ಬೀಳುವ ಭಾರ ಶೇ. 2.28. 12 ಡಾಲರ್ ಊಟವನ್ನು 12.30 ಮಾಡಿದರೆ ಲೆಕ್ಕ ತೀರಿತು. ಬೋರ್ಡ್ ಬೇಡ, 30 ದಿನದ ನೋಟಿಸ್ ಬೇಡ, ಡೆಬಿಟ್-ಕ್ರೆಡಿಟ್ ತಕರಾರು ಬೇಡ. ಮದುವೆ ಕೇಟರಿಂಗ್‌ನಂಥ 4,000 ಡಾಲರ್ ಬಿಲ್ಲುಗಳಿಗೆ ಮಾತ್ರ ಶೇ. 3 ಅಂದರೆ 120 ಡಾಲರ್. ಅಲ್ಲಿ ಚೆಕ್ ಕೇಳುವುದು, ಚೆಕ್ಕಿಗೆ ರಿಯಾಯಿತಿ ಕೊಡುವುದು ಎರಡೂ ನ್ಯಾಯ. ಫೋನಿನಿಂದ ಹಣ ಕಳಿಸುವ ವೆನ್ಮೋ ಆ್ಯಪ್‌ನ ಸ್ವಂತದ ಖಾತೆಯಲ್ಲಿ ವ್ಯಾಪಾರದ ಹಣ ಪಡೆಯಬೇಡಿ, ಅದು ಅವರ ಷರತ್ತಿಗೆ ವಿರುದ್ಧ. ವ್ಯಾಪಾರದ ಖಾತೆ ತೆರೆದರೆ ಅಲ್ಲೂ ಶುಲ್ಕವಿದೆ.

ತೆರಿಗೆಯ ಬಗ್ಗೆ ಒಂದು ಮಾತು. ಕಾರ್ಡಿನಿಂದ ಬಂದ ಹಣವನ್ನು ತೆರಿಗೆ ಇಲಾಖೆಗೆ ತಿಳಿಸಲು ವರ್ಷ ಮುಗಿದ ಮೇಲೆ ಬರುವ 1099-ಕೆ ನಮೂನೆಯಲ್ಲಿ ಶುಲ್ಕ ಕಳೆಯುವ ಮುಂಚಿನ ಒಟ್ಟು ಮೊತ್ತ ಇರುತ್ತದೆ, ಪಡೆದ ಸರ್ಚಾರ್ಜೂ ಅದರೊಳಗೇ. ಅದು ಆದಾಯ, ಪ್ರೊಸೆಸರ್‌ಗೆ ಕೊಟ್ಟದ್ದು ವೆಚ್ಚ, ಶೆಡ್ಯೂಲ್ ಸಿ (ಸ್ವಂತ ವ್ಯಾಪಾರದ ಲಾಭ-ನಷ್ಟದ ತೆರಿಗೆ ನಮೂನೆ) ತುಂಬುವವರು ಅದನ್ನು ಅಲ್ಲಿ ಕಳೆಯಬೇಕು. ಬ್ಯಾಂಕಿಗೆ ಬಿದ್ದ ಮೊತ್ತವನ್ನಷ್ಟೇ ಆದಾಯವೆಂದು ತೋರಿಸಿದರೆ ತೆರಿಗೆ ಇಲಾಖೆಯಾದ ಐಆರ್‌ಎಸ್ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಹಲವು ರಾಜ್ಯಗಳಲ್ಲಿ ಸರ್ಚಾರ್ಜ್ ಮೇಲೂ ಸೇಲ್ಸ್ ಟ್ಯಾಕ್ಸ್ ಬೀಳುತ್ತದೆ. ನಿಮ್ಮ ಸಿಪಿಎ (ಲೆಕ್ಕ ಪರಿಶೋಧಕರು) ಹತ್ತಿರ ಕೇಳಿಕೊಂಡೇ ಯಂತ್ರದಲ್ಲಿ ಹೊಂದಿಸಿ.

ಕೊಡುವವರ ಕಡೆಯಿಂದ

ಶೇ. 2 ಕ್ಯಾಶ್‌ಬ್ಯಾಕ್ ಕೊಡುವ ಕಾರ್ಡನ್ನು ಶೇ. 3 ಸರ್ಚಾರ್ಜ್ ಇರುವಲ್ಲಿ ಬಳಸಿದರೆ ನಿಮಗೆ ಶೇ. 1ರಷ್ಟು ನಷ್ಟ. ಅಂಥ ಕಡೆ ಡೆಬಿಟ್ ಕೊಡಿ, ರಸೀದಿ ಓದಿ. ಡೆಬಿಟ್ ಕಾರ್ಡಿಗೆ ಸರ್ಚಾರ್ಜ್ ಬಿದ್ದಿದ್ದರೆ ಅಲ್ಲೇ ನಿಂತು ಸಮಾಧಾನವಾಗಿ ಹೇಳಿ. ಬಹಳ ಸಲ ಅಂಗಡಿಯವರಿಗೇ ಗೊತ್ತಿರುವುದಿಲ್ಲ, ಯಂತ್ರವನ್ನು ಹಾಗೆ ಹೊಂದಿಸಿರುತ್ತಾರೆ. ವಾಪಸ್ ಕೊಡದಿದ್ದರೆ ರಸೀದಿಯ ಫೋಟೊ ಇಟ್ಟುಕೊಂಡು ಕಾರ್ಡ್ ಕೊಟ್ಟ ಬ್ಯಾಂಕಿಗೆ ಫೋನ್ ಮಾಡಿ. ವೀಸಾ, ಮಾಸ್ಟರ್‌ಕಾರ್ಡ್ ಜಾಲತಾಣಗಳಲ್ಲಿ ವ್ಯಾಪಾರಿಯ ಮೇಲೆ ದೂರು ಕೊಡುವ ಅರ್ಜಿಗಳಿವೆ. ಬರೆಯುವಾಗ ಅಂಗಡಿಯ ವಿಳಾಸ, ದಿನಾಂಕ, ಸರ್ಚಾರ್ಜ್ ಮೊತ್ತ, ಕಾರ್ಡ್ ಡೆಬಿಟ್ ಎಂಬುದು ನಾಲ್ಕೂ ಇರಲಿ. ಕಾರ್ಡಿನ ಪೂರ್ತಿ ಸಂಖ್ಯೆಯನ್ನು ಎಲ್ಲೂ ಬರೆಯಬೇಡಿ, ಕೊನೆಯ ನಾಲ್ಕು ಅಂಕಿ ಸಾಕು.