ಬಿಳಿ ಹೋಗುವುದು: ಕಲಬುರಗಿ, ಬೀದರ ಕಡೆಯಿಂದ ಇಂಗ್ಲೆಂಡಿಗೆ ಬಂದ ಅಕ್ಕತಂಗೇರಿಗೆ

ಶೇಂಗಾ ಚಟ್ನಿ, ಜೋಳದ ಹಿಟ್ಟಿನ ಜತೆ ಔಷಧದ ಡಬ್ಬಿಯೂ ಬ್ಯಾಗು ಸೇರುತ್ತದೆ. ಅದರೊಳಗೆ ಊರಿನ ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ಸಿಕ್ಕ, ‘ಬಿಳಿ ಹೋಗೋದಕ್ಕ’ ಎಂದು ಕೊಟ್ಟ ಮಾತ್ರೆ. ಎಲ್ಲರೂ ಎಡವುವುದು ಅಲ್ಲೇ. ಬಿಳಿ ಹೋಗುವುದೆಲ್ಲ ಒಂದೇ ರೋಗವಲ್ಲ. ವಾಸನೆ, ತುರಿಕೆ ಇಲ್ಲದೆ ತಿಳಿಯಾಗಿ ಹೋದರೆ ಅದು ರೋಗವೇ ಅಲ್ಲ. ಮೈ ಉಷ್ಣ ಅಂತ ಸಬ್ಜಾ ನೀರು ಕುಡಿಯಿರಿ, ತಪ್ಪೇನಿಲ್ಲ. ಸೋಂಕಿದ್ದರೆ ಮಾತ್ರ ಅದರಿಂದ ಹೋಗದು.

ಒಡೆದ ಮೊಸರಿನಂತೆ ಗಟ್ಟಿಯಾಗಿ, ತುರಿಕೆ, ಉರಿಯ ಜತೆ ಹೋಗುತ್ತಿದ್ದರೆ ಬಹುಪಾಲು ಕ್ಯಾಂಡಿಡಾ ಶಿಲೀಂಧ್ರ. ತೆಳ್ಳಗೆ ಬೂದು ಬಣ್ಣ, ಮೀನಿನ ವಾಸನೆ, ತುರಿಕೆ ಇಲ್ಲ ಎಂದರೆ ಬ್ಯಾಕ್ಟೀರಿಯಲ್ ವಜೈನೋಸಿಸ್, ಅಂದರೆ ಒಳಗಿನ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದ್ದು. ಹಳದಿ-ಹಸಿರು, ನೊರೆ, ಉರಿ ಇದ್ದರೆ ಟ್ರೈಕೊಮೊನಾಸ್ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಇರಬಹುದು. ಇದು ಲೈಂಗಿಕ ಸಂಪರ್ಕದಿಂದ ಬರುವಂಥದ್ದು, ಗಂಡನಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಹಾಗಂತ ಲಕ್ಷಣಗಳು ಬೆರೆತೂ ಬರುತ್ತವೆ. ಮೊದಲ ಸಲವಾದರೆ ಪರೀಕ್ಷೆ ಮಾಡಿಸಿಯೇ ಔಷಧ ತೊಗೊಳ್ಳಿ.

ಕ್ಯಾಂಡಿಡಾಕ್ಕೆ ಕ್ಲೋಟ್ರಿಮಜೋಲ್ 500 ಮಿ.ಗ್ರಾಂ ಒಳಗಿಡುವ ಮಾತ್ರೆ ಅಥವಾ ಫ್ಲುಕೊನಜೋಲ್ 150 ಮಿ.ಗ್ರಾಂ ನುಂಗುವ ಕ್ಯಾಪ್ಸೂಲ್, ಒಂದೇ ಸಲ. 16ರಿಂದ 60 ವಯಸ್ಸಿನವರಿಗೆ, ಮೊದಲೇ ಡಾಕ್ಟರು ಇದೇ ಎಂದು ಹೇಳಿದ್ದರೆ, ಇಲ್ಲಿನ ಫಾರ್ಮಸಿಯಲ್ಲಿ ಚೀಟಿ ಇಲ್ಲದೆಯೂ ಸಿಗುತ್ತದೆ. ಮಾತ್ರೆಯನ್ನು ರಾತ್ರಿ, ಕೈ ತೊಳೆದು, ಅಂಗಾತ ಮಲಗಿ ಮೊಣಕಾಲು ಮಡಚಿ ಆದಷ್ಟು ಒಳಗೆ ಇಡಿ. ಮುಟ್ಟಿನ ದಿನಗಳಲ್ಲಿ ಬೇಡ, ರಕ್ತದ ಜತೆ ಹೊರಗೆ ಬಂದುಬಿಡುತ್ತದೆ. ಬೆಳಿಗ್ಗೆ ಬಿಳಿ ಪುಡಿ ಬಿದ್ದರೆ ಗಾಬರಿಯಾಗಬೇಡಿ, ಪ್ಯಾಡ್ ಸಾಕು. ಒಳಗಿಡುವ ಈ ಮಾತ್ರೆ ಕಾಂಡೋಮನ್ನು ದುರ್ಬಲಗೊಳಿಸುತ್ತದೆ. ಬಸುರಿಯರು ಫ್ಲುಕೊನಜೋಲ್ ಮುಟ್ಟಬೇಡಿ, ಡಾಕ್ಟರನ್ನೇ ಕೇಳಿ.

ಉಳಿದೆರಡಕ್ಕೂ ಮೆಟ್ರೊನಿಡಜೋಲ್, ಸಾಮಾನ್ಯವಾಗಿ 400 ಮಿ.ಗ್ರಾಂ ದಿನಕ್ಕೆರಡು ಸಲ, 5ರಿಂದ 7 ದಿನ, ಚೀಟಿ ಬೇಕೇಬೇಕು. ವಾಸನೆ ಹೋಯಿತೆಂದು ನಡುವೆ ನಿಲ್ಲಿಸಿದರೆ ಮತ್ತೆ ಬರುತ್ತದೆ. ಊರಿಂದ ತಂದ ಅರ್ಧ ಸ್ಟ್ರಿಪ್ಪು ನುಂಗಿದವರಿಗೆ ಆಗುವುದೂ ಇದೇ.

ಡೆಟಾಲ್ ಹಾಕಿ ಒಳಗೆ ತೊಳೆಯುವ ಚಟ ಬಿಡಿ. ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಅವು ಉಳಿಸಿದ ಹುಳಿಗುಣ ಹೋದರೆ ಕೆಟ್ಟವಕ್ಕೆ ದಾರಿ ಸಿಕ್ಕಂತೆ. ಹೊರಭಾಗಕ್ಕೆ ನೀರು ಸಾಕು. ಚಳಿಗೆ ಹಗಲು ರಾತ್ರಿ ಹಾಕುವ ಬಿಗಿ ನೈಲಾನ್ ಲೆಗ್ಗಿನ್ಸ್ ಒಳಗೂ ಬೆವರುತ್ತದೆ. ಹತ್ತಿ ಚಡ್ಡಿ ಹಾಕಿ, ಪೂರ್ತಿ ಒಣಗಿಸಿ ಹಾಕಿ. ಕ್ಯಾಂಡಿಡಾ ಆರು ತಿಂಗಳಲ್ಲಿ ಎರಡಕ್ಕಿಂತ ಹೆಚ್ಚು ಸಲ ಬಂದರೆ ಶುಗರ್ ನೋಡಿಸಿ.

ಕಿಬ್ಬೊಟ್ಟೆ ನೋವು, ಜ್ವರ, ಹುಣ್ಣು, ಮುಟ್ಟಲ್ಲದ ರಕ್ತ ಕಂಡರೆ ತಡಮಾಡದೆ ಡಾಕ್ಟರ ಬಳಿ ಹೋಗಿ. ಜಿಪಿ, ಅಂದರೆ ಇಲ್ಲಿನ ಬಡಾವಣೆಯ ಡಾಕ್ಟರ ಬಳಿ ನೋಂದಣಿ, ಬಂದ ವಾರವೇ ಮುಗಿಸಿರಿ. ಲೈಂಗಿಕ ಆರೋಗ್ಯ ಕ್ಲಿನಿಕ್ಕಿನಲ್ಲಿ ವೀಸಾ ಯಾವುದಿದ್ದರೂ ಸೇವೆ ಉಚಿತ.

ಊರಲ್ಲಾದರೆ ವೈನಿಯ ಕಿವಿಯಲ್ಲಿ ಹೇಳಿದರೆ ಮುಗಿಯಿತು. ಇಲ್ಲಿ ವೈನಿ ಇಲ್ಲ, ಅದಕ್ಕೇ ಶಾಲೆಗೆ ಹೋಗುವ ಮಗಳನ್ನೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಲು ಡಾಕ್ಟರ ಬಳಿ ಕರೆದೊಯ್ಯುತ್ತಾರೆ. ಮಾಡಬೇಡಿ. ಮಗಳ ಮುಂದೆ ತಾಯಿ ಅರ್ಧ ಮುಚ್ಚಿಡುತ್ತಾಳೆ, ಉಳಿದರ್ಧ ಮಗಳಿಗೆ ತಿಳಿಯದು. ಅಪಾಯಿಂಟ್‌ಮೆಂಟ್ ತೊಗೊಳ್ಳುವಾಗಲೇ ಕನ್ನಡ ದುಭಾಷಿ, ಲೇಡಿ ಡಾಕ್ಟರ್ ಬೇಕೆಂದು ಕೇಳಿ. ದುಭಾಷಿಗೆ ದುಡ್ಡು ಕೊಡಬೇಕಿಲ್ಲ.